ಚಹಾ ಹಡಗಿನ ಜಾಡು ಹಿಡಿದು: ಡಂಬಾರ್ಟನ್‌ನಿಂದ ಫಾಲ್ಮತ್‌ವರೆಗೆ

ಸೋಮವಾರ, ಡಂಬಾರ್ಟನ್

"ಹಡಗು ಇರೋದು ಲಂಡನ್ನಿನಲ್ಲಿ. ನಾವು ಇಲ್ಲಿಗೆ ಯಾಕೆ ಬಂದಿದ್ದೀವಿ ಅಕ್ಕಾ?" ರೈಲು ಇಳಿಯುತ್ತಲೇ ತಮ್ಮನ ಪ್ರಶ್ನೆ. ಅವನು ಗ್ಲಾಸ್ಗೋದಲ್ಲಿ ಓದುತ್ತಿದ್ದಾನೆ. ರಜೆಯಲ್ಲಿ ನನ್ನನ್ನು ಬೆಟ್ಟ, ಸರೋವರ ಅಂತ ಸುತ್ತಿಸುವ ಯೋಚನೆ ಅವನದು. ನನಗೋ ಕಟ್ಟಿ ಸಾರ್ಕ್ ಎಂಬ ಹಳೇ ಚಹಾ ಹಡಗಿನ ಹುಚ್ಚು. ಅದು ಹುಟ್ಟಿದ ಊರಿನಿಂದಲೇ ಶುರು ಮಾಡೋಣ ಅಂತ ಹಟ ಹಿಡಿದಿದ್ದೆ.

ಗ್ಲಾಸ್ಗೋದಿಂದ ಡಂಬಾರ್ಟನ್‌ಗೆ ಅರ್ಧ ಗಂಟೆಯ ರೈಲು. ಲೀವೆನ್ ಹೊಳೆ ಬಂದು ಕ್ಲೈಡ್ ನದಿಗೆ ಸೇರುವ ಜಾಗ ಇದು. ಸೇರುವಲ್ಲೇ ಒಂದು ದೊಡ್ಡ ಕರಿಬಂಡೆ, ಮೇಲೆ ಕೋಟೆ. ಐನೂರಕ್ಕೂ ಜಾಸ್ತಿ ಮೆಟ್ಟಿಲು. ಹತ್ತಿ ನಿಂತರೆ ಎರಡೂ ನೀರು ಕಾಣುತ್ತದೆ. ಕಾಣದೇ ಇರೋದು ಹಡಗುಕಟ್ಟೆಗಳು. ಒಂದು ಕಾಲಕ್ಕೆ ಈ ದಂಡೆ ಪೂರ್ತಿ ಸುತ್ತಿಗೆ ಸದ್ದು ಇತ್ತಂತೆ. ಈಗ ಮನೆಗಳು, ಒಂದು ಸೂಪರ್‌ಮಾರ್ಕೆಟ್, ಅದರ ಪಾರ್ಕಿಂಗ್. ಕಟ್ಟಿ ಸಾರ್ಕ್ ಕಟ್ಟಿದ ಕಂಪನಿಯ ಗುರುತು ಒಂದೂ ಉಳಿದಿಲ್ಲ.

ಆ ಕಂಪನಿಯ ಕಥೆಯೇ ಒಂದು ದುರಂತ. ಸ್ಕಾಟ್ ಅಂಡ್ ಲಿಂಟನ್ ಅಂತ ಹೆಸರು. ಹರ್ಕ್ಯುಲಿಸ್ ಲಿಂಟನ್ ಹಡಗಿನ ವಿನ್ಯಾಸಕಾರ, ಆಗ ಮೂವತ್ತು ದಾಟಿದ ಪ್ರಾಯ. ಕೆಲಸ ಕೊಟ್ಟವನು ಲಂಡನ್ನಿನ ಹಡಗು ಮಾಲೀಕ ಜಾನ್ ವಿಲ್ಲಿಸ್. ಎತ್ತರದ ಬಿಳಿ ಟೋಪಿ ಹಾಕಿಕೊಂಡೇ ಬಂದರಿಗೆ ಬರುತ್ತಿದ್ದನಂತೆ, ಹಾಗಾಗಿ ಜನ ಅವನಿಗೆ 'ಬಿಳಿ ಟೋಪಿ ಮುದುಕ' ಅಂತಲೇ ಅಡ್ಡಹೆಸರು ಇಟ್ಟಿದ್ದರು. ಚೌಕಾಸಿಯಲ್ಲಿ ಪಳಗಿದ ಕೈ. ಟನ್ನಿಗೆ 17 ಪೌಂಡ್, ಒಟ್ಟು 16,150 ಪೌಂಡ್ ದಾಟಬಾರದು ಅಂತ ಕರಾರು ಮಾಡಿಸಿಕೊಂಡ. ಮರ, ಕಬ್ಬಿಣ, ಕೆಲಸ ಎಲ್ಲ ಮೊದಲ ದರ್ಜೆಯದ್ದೇ ಆಗಬೇಕು ಅಂತಲೂ ಪಟ್ಟು ಹಿಡಿದ. ಹೆಸರು ಮಾಡುವ ಆಸೆಯಲ್ಲಿ ಇವರು ಒಪ್ಪಿಕೊಂಡರು. ಹಡಗು ಮುಗಿಯುವ ಮೊದಲೇ ಕಂಪನಿ ದಿವಾಳಿಯಾಯಿತು. ಉಳಿದ ಕೆಲಸ ಮಾಡಿಕೊಟ್ಟಿದ್ದು ಪಕ್ಕದ ಡೆನ್ನಿ ಕಂಪನಿ. ಪ್ರಪಂಚದ ಅತಿ ಪ್ರಸಿದ್ಧ ಹಾಯಿಹಡಗನ್ನು ಕಟ್ಟಿದವರಿಗೆ ಅದರಿಂದ ಸಿಕ್ಕಿದ್ದು ಸಾಲ.

ಇದರಲ್ಲಿ ನಮ್ಮ ಕಡೆಯ ಎಳೆಯೂ ಒಂದಿದೆ. ವಿಲ್ಲಿಸ್ ಹತ್ತಿರ 'ದಿ ಟ್ವೀಡ್' ಅನ್ನುವ ಇನ್ನೊಂದು ಹಡಗಿತ್ತು. ಅದರ ಮೂಲ ಹೆಸರು ಪಂಜಾಬ್. ಬೊಂಬಾಯಿಯಲ್ಲಿ, ಪಾರ್ಸಿ ವಾಡಿಯಾ ಮನೆತನದವರು ನಡೆಸುತ್ತಿದ್ದ ಹಡಗುಕಟ್ಟೆಯಲ್ಲಿ ತೇಗದಿಂದ ಕಟ್ಟಿದ್ದು, 1854ರಲ್ಲಿ ನೀರಿಗಿಳಿದದ್ದು. ಚಕ್ರ ತಿರುಗಿಸಿ ಓಡುವ ಯುದ್ಧದ ಉಗಿಹಡಗು. ವಿಲ್ಲಿಸ್ ಅದನ್ನು 1863ರಲ್ಲಿ ಕೊಂಡು, ಯಂತ್ರ ಕಿತ್ತುಹಾಕಿ, ಬರೀ ಹಾಯಿಯಲ್ಲಿ ಓಡಿಸಿದ. ಎಲ್ಲರೂ ಬೆರಗಾಗುವಷ್ಟು ವೇಗವಾಗಿ ಓಡಿತು. ಹೊಸ ಹಡಗು ಕಟ್ಟಿಸುವಾಗ ವಿಲ್ಲಿಸ್ ಲಿಂಟನ್‌ನನ್ನು ಕರೆದುಕೊಂಡು ಹೋಗಿ ತೋರಿಸಿದ್ದು ಈ ಟ್ವೀಡ್ ಹಡಗನ್ನೇ. ಅದರ ಮೂತಿಯ ಆಕಾರ ಲಿಂಟನ್‌ನ ಮನಸ್ಸಿಗೆ ಹಿಡಿಯಿತು. ನಡುಭಾಗವನ್ನು ಮಾತ್ರ ತನಗೆ ಗೊತ್ತಿದ್ದ ಸ್ಕಾಟ್ಲೆಂಡಿನ ಮೀನು ದೋಣಿಗಳ ರೀತಿ ಮಾಡಿಕೊಂಡ.

"ಅಂದ್ರೆ ಇದು ಬೊಂಬಾಯಿ ಡಿಸೈನು!" ಅಂದ ತಮ್ಮ. ಅಷ್ಟು ದೂರ ಎಳೆಯಬೇಡ ಅಂದೆ. ಆದರೂ ಕೇಳಿ ಖುಷಿಯಾಯಿತು.

ಮಧ್ಯಾಹ್ನ ಡೆನ್ನಿ ಕಂಪನಿಯವರ ಪರೀಕ್ಷಾ ತೊಟ್ಟಿ ನೋಡಿದೆವು. ಈಗ ಅದು ಮ್ಯೂಸಿಯಂ. ನೂರು ಮೀಟರ್ ಉದ್ದದ ನೀರಿನ ತೊಟ್ಟಿ. ಮೇಣದಲ್ಲಿ ಹಡಗಿನ ಮಾದರಿ ಮಾಡಿ, ಈ ತುದಿಯಿಂದ ಆ ತುದಿಗೆ ಎಳೆದು, ನೀರು ಎಷ್ಟು ತಡೆಯುತ್ತದೆ ಅಂತ ಅಳೆಯುತ್ತಿದ್ದರು. ಇದು ಬಂದದ್ದು 1880ರ ದಶಕದಲ್ಲಿ, ಕಟ್ಟಿ ಸಾರ್ಕ್‌ಗೆ ಇದರ ಸಹಾಯ ಸಿಕ್ಕಿಲ್ಲ. ಲಿಂಟನ್ ಮಾಡಿದ್ದೆಲ್ಲ ಕಣ್ಣಳತೆ, ಕೈಯಳತೆ, ಅನುಭವ. ಅದನ್ನು ಅರ್ಥ ಮಾಡಿಕೊಳ್ಳಲು ಈ ತೊಟ್ಟಿ ನೋಡಲೇಬೇಕು.

1869ರ ನವೆಂಬರ್ 22ರಂದು ಹಡಗು ಲೀವೆನ್ ನೀರಿಗೆ ಇಳಿಯಿತು. ಅದಕ್ಕೆ ಸರಿಯಾಗಿ ಐದು ದಿನ ಮುಂಚೆ, ನವೆಂಬರ್ 17ಕ್ಕೆ, ಈಜಿಪ್ಟಿನಲ್ಲಿ ಸೂಯೆಜ್ ಕಾಲುವೆ ತೆರೆದಿತ್ತು. ಮುಂದಿನ ಕಥೆಯೆಲ್ಲ ಈ ಐದು ದಿನದಲ್ಲೇ ಇದೆ.

ಮಂಗಳವಾರ, ಅಲೋವೇ

ಬೆಳಿಗ್ಗೆಯಿಂದ ಮಳೆ. ಗ್ಲಾಸ್ಗೋದಿಂದ ಏರ್ ಪಟ್ಟಣಕ್ಕೆ ರೈಲು, ಅಲ್ಲಿಂದ ಬಸ್ಸು. ಅಲೋವೇ ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ಹಳ್ಳಿ. ಹಡಗಿನ ಹೆಸರು ಹುಟ್ಟಿದ್ದೂ ಇಲ್ಲೇ.

ಬರ್ನ್ಸ್ 1791ರಲ್ಲಿ ಪ್ರಕಟಿಸಿದ ಕಥನ ಕವನ 'ಟ್ಯಾಮ್ ಓ ಶಾಂಟರ್'. ಕಥೆ ಹೀಗಿದೆ. ಟ್ಯಾಮ್ ಎಂಬ ಕುಡುಕ ರೈತ ರಾತ್ರಿ ಕುದುರೆ ಮೇಲೆ ಮನೆಗೆ ಹೊರಟಿದ್ದಾನೆ. ಹಾಳುಬಿದ್ದ ಇಗರ್ಜಿಯಲ್ಲಿ ಮಾಟಗಾತಿಯರು ಕುಣಿಯುತ್ತಿರುವುದು ಕಾಣುತ್ತದೆ. ಅವರಲ್ಲಿ ನ್ಯಾನಿ ಎಂಬ ಒಬ್ಬಳು ಚಿಕ್ಕವಳು, ಸುಂದರಿ. ಅವಳು ತೊಟ್ಟಿರುವುದು ಗಿಡ್ಡ ಒಳಂಗಿ. ಸ್ಕಾಟರ ಮಾತಿನಲ್ಲಿ ಅದೇ ಕಟ್ಟಿ ಸಾರ್ಕ್. ಟ್ಯಾಮ್‌ಗೆ ಮೈಮರೆತು ಬಾಯಿಂದ ಶಭಾಷ್ ಬಂದುಬಿಡುತ್ತದೆ. ಕುಣಿತ ನಿಲ್ಲುತ್ತದೆ. ಎಲ್ಲ ಮಾಟಗಾತಿಯರೂ ಅಟ್ಟಿಸಿಕೊಂಡು ಬರುತ್ತಾರೆ. ಹರಿಯುವ ನೀರನ್ನು ಅವರು ದಾಟುವ ಹಾಗಿಲ್ಲ. ಟ್ಯಾಮ್ ಡೂನ್ ಹೊಳೆಯ ಸೇತುವೆ ಹತ್ತುವಷ್ಟರಲ್ಲಿ ನ್ಯಾನಿಯ ಕೈಗೆ ಕುದುರೆಯ ಬಾಲ ಸಿಗುತ್ತದೆ. ಬಾಲ ಅವಳ ಕೈಯಲ್ಲಿ, ಟ್ಯಾಮ್ ಆಚೆ ದಡದಲ್ಲಿ.

ಇಗರ್ಜಿ ಈಗಲೂ ಇದೆ, ಚಾವಣಿ ಇಲ್ಲದ ಗೋಡೆಗಳು. ಅಲ್ಲಿಂದ ಸೇತುವೆಗೆ ನಡೆದರೆ ಕೆಲವೇ ನಿಮಿಷ. ಒಂದೇ ಕಮಾನಿನ ಹಳೇ ಕಲ್ಲು ಸೇತುವೆ, ನಡುವೆ ಚೆನ್ನಾಗಿ ಉಬ್ಬಿದೆ. ಮಳೆಯಲ್ಲಿ ಕಲ್ಲು ಜಾರುತ್ತಿತ್ತು. ಮೂವರು ಜಪಾನಿ ಹುಡುಗಿಯರು ಫೋಟೋ ತೆಗೆಸಿಕೊಳ್ಳುತ್ತಿದ್ದರು, ನಾವೂ ತೆಗೆಸಿಕೊಂಡೆವು.

"ನೀರು ದಾಟಕ್ಕೇ ಆಗದವಳ ಹೆಸರನ್ನ ಹಡಗಿಗೆ ಇಟ್ಟಿದ್ದಾರಲ್ಲ ಅಕ್ಕಾ!"

ವಿಲ್ಲಿಸ್ ಯಾಕೆ ಈ ಹೆಸರು ಆರಿಸಿದ ಅಂತ ನಾನು ಏನೋ ಹೇಳಲು ಹೋದೆ. ತಮ್ಮ ಅಷ್ಟರಲ್ಲಿ ಬಿಸಿ ಸೂಪು ಸಿಗುವ ಕಡೆ ಹೊರಟಿದ್ದ.

ಬುಧವಾರ, ರೈಲಿನಲ್ಲಿ

ಗ್ಲಾಸ್ಗೋದಿಂದ ಲಂಡನ್ನಿನ ಯೂಸ್ಟನ್‌ಗೆ ನಾಲ್ಕೂವರೆ ಗಂಟೆ. ಬರೆಯುವಂಥದ್ದು ಏನೂ ಇಲ್ಲ. ಕುರಿಗಳು, ಮೋಡ, ಚಪಾತಿ ರೋಲು.

ಗುರುವಾರ, ಲಂಡನ್ನಿನ ಹಳೇ ಡಾಕುಗಳು

ಮೊದಲು ಮಿನ್ಸಿಂಗ್ ಲೇನ್. ಇಲ್ಲೇ ಚಹಾ ಹರಾಜು ಆಗುತ್ತಿದ್ದದ್ದು. ಇಡೀ ಪ್ರಪಂಚದ ಚಹಾ ಬೆಲೆ ನಿಗದಿಯಾಗುತ್ತಿದ್ದ ಗಲ್ಲಿ ಅದು. ಈಗ ಗಾಜಿನ ಆಫೀಸುಗಳು, ಕೈಯಲ್ಲಿ ಕಾಫಿ ಲೋಟ ಹಿಡಿದು ಓಡುವ ಜನ. ಲಂಡನ್ನಿನ ಕೊನೆಯ ಚಹಾ ಹರಾಜು 1998ರ ಜೂನ್‌ನಲ್ಲಿ ಮುಗಿಯಿತು. ಹತ್ತು ನಿಮಿಷ ಸಾಕು ಈ ಜಾಗಕ್ಕೆ.

ಅಲ್ಲಿಂದ ಡಿಎಲ್‌ಆರ್ ಎಂಬ ನಗರ ರೈಲು ಹಿಡಿದು ಈಸ್ಟ್ ಇಂಡಿಯಾ ಸ್ಟೇಷನ್. 1806ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಿಗಾಗಿ ತೋಡಿದ ಡಾಕ್, ಅಂದರೆ ಹಡಗು ನಿಲ್ಲುವ ಕೊಳ, ಇದು. 1967ರಲ್ಲಿ ಮುಚ್ಚಿತು. ಬಹುಪಾಲು ಮಣ್ಣು ತುಂಬಿ ಕಟ್ಟಡ ಎದ್ದಿವೆ. ನದಿ ಕಡೆಯ ಒಂದು ಕೊಳ ಮಾತ್ರ ಉಳಿದಿದೆ. ಹೂಳು, ಜೊಂಡು, ನೀರುಕಾಗೆಗಳು. ದಡದ ಬೆಂಚಿನಲ್ಲಿ ಕೂತು ತಮ್ಮನಿಗೆ 1866ರ ಚಹಾ ಹಡಗುಗಳ ಓಟದ ಕಥೆ ಹೇಳಿದೆ. ಕಥೆ ಹೇಳಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ, ಯಾಕೆಂದರೆ ಓಟದ ಒಂದು ಹಡಗು ಬಂದು ನಿಂತದ್ದು ಇಲ್ಲೇ.

ಕಥೆಗೆ ಮುಂಚೆ ಒಂದಿಷ್ಟು ವ್ಯಾಪಾರ ಗೊತ್ತಿರಬೇಕು. ಚೀನಾ ಚಹಾದ ಏಕಸ್ವಾಮ್ಯ 1834ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಕೈಯಲ್ಲಿತ್ತು. ಪೈಪೋಟಿ ಇಲ್ಲದಿದ್ದರೆ ಆತುರ ಯಾಕೆ? ಕಂಪನಿಯ ಹಡಗುಗಳು ಹೊಟ್ಟೆ ದಪ್ಪ, ನಡಿಗೆ ನಿಧಾನ. 1849ರಲ್ಲಿ ಬ್ರಿಟನ್ ತನ್ನ ಹಳೇ ನೌಕಾ ಕಾನೂನುಗಳನ್ನು ರದ್ದು ಮಾಡಿತು, ಬೇರೆ ದೇಶದ ಹಡಗುಗಳೂ ಲಂಡನ್ನಿಗೆ ಚಹಾ ತರಬಹುದು ಅಂತಾಯಿತು. ಮಾರನೇ ವರ್ಷವೇ ಅಮೆರಿಕದ 'ಓರಿಯೆಂಟಲ್' ಹಡಗು ಹಾಂಗ್‌ಕಾಂಗ್‌ನಿಂದ 97 ದಿನದಲ್ಲಿ ಬಂದು ನಿಂತಿತು. ಇಂಗ್ಲಿಷರಿಗೆ ನಿದ್ದೆ ಹಾರಿಹೋಯಿತು. ಹೊಸ ಕೊಯ್ಲಿನ ಚಹಾ ಮೊದಲು ತಂದವರಿಗೆ ಒಳ್ಳೆ ಬೆಲೆ. ಹಾಗಾಗಿ ತೆಳ್ಳಗಿನ, ಚೂಪಾದ, ಹಾಯಿಗಳನ್ನು ಹೊತ್ತು ಓಡುವ ಕ್ಲಿಪ್ಪರ್ ಹಡಗುಗಳು ಬಂದವು.

ಈ ಚಹಾಕ್ಕೆ ದುಡ್ಡು ಎಲ್ಲಿಂದ ಬಂತು ಅನ್ನುವುದನ್ನು ಮ್ಯೂಸಿಯಂಗಳು ಸ್ವಲ್ಪ ಮೆಲ್ಲಗೆ ಹೇಳುತ್ತವೆ. ಚೀನಾದವರಿಗೆ ಇಂಗ್ಲೆಂಡಿನ ಸಾಮಾನು ಅಷ್ಟಾಗಿ ಬೇಕಿರಲಿಲ್ಲ, ಬೆಳ್ಳಿ ಬೇಕಿತ್ತು. ಬೆಳ್ಳಿ ಕೊಟ್ಟು ಕೊಟ್ಟು ಸಾಕಾಗಿ ಬ್ರಿಟಿಷರು ಹುಡುಕಿಕೊಂಡ ದಾರಿ ಅಫೀಮು. ಬಿಹಾರ, ಬನಾರಸ್ ಕಡೆ ನಮ್ಮ ರೈತರಿಂದ ಬೆಳೆಸಿ ಕಲ್ಕತ್ತದಿಂದ, ಮಾಳವದ್ದನ್ನು ಬೊಂಬಾಯಿಯಿಂದ ಚೀನಾಕ್ಕೆ ಸಾಗಿಸಿದರು. ಬೇಡ ಅಂದ ಚೀನಾದ ಮೇಲೆ ಯುದ್ಧ ಮಾಡಿ, 1842ರ ನಾನ್‌ಕಿಂಗ್ ಒಪ್ಪಂದದಲ್ಲಿ ಐದು ಬಂದರು ತೆಗೆಸಿದರು. ಫೂಚೌ, ಶಾಂಘೈ ಆ ಐದರಲ್ಲಿ ಸೇರಿವೆ. ಕ್ಲಿಪ್ಪರ್‌ಗಳು ಚಹಾ ತುಂಬಿಕೊಂಡದ್ದು ಅಲ್ಲೇ.

ಈಗ ಓಟ. 1866ರ ಮೇ ಕೊನೆಯಲ್ಲಿ ಫೂಚೌ ಬಳಿಯ ಮಿನ್ ನದಿಯಿಂದ ಹಡಗುಗಳು ಹೊರಟವು. ಹದಿನಾಲ್ಕು ಸಾವಿರ ನಾಟಿಕಲ್ ಮೈಲಿಗೂ ಜಾಸ್ತಿ ದಾರಿ. ಸುಂದಾ ಜಲಸಂಧಿ, ಹಿಂದೂ ಮಹಾಸಾಗರ, ಆಫ್ರಿಕದ ತುದಿ, ಅಟ್ಲಾಂಟಿಕ್. ಮೂರು ತಿಂಗಳಾದ ಮೇಲೆ ಇಂಗ್ಲಿಷ್ ಕಾಲುವೆಯಲ್ಲಿ ಏರಿಯಲ್, ಟೇಪಿಂಗ್ ಎಂಬ ಎರಡು ಹಡಗುಗಳು ಪಕ್ಕಪಕ್ಕದಲ್ಲೇ ಓಡುತ್ತಿದ್ದವು! ಸೆಪ್ಟೆಂಬರ್ 6ರ ರಾತ್ರಿ ಟೇಪಿಂಗ್ 9.47ಕ್ಕೆ ಲಂಡನ್ ಡಾಕ್ ಒಳಗೆ, ಏರಿಯಲ್ 10.15ಕ್ಕೆ ನಾವು ಕೂತಿದ್ದ ಈ ಈಸ್ಟ್ ಇಂಡಿಯಾ ಡಾಕ್ ಒಳಗೆ. ಇಪ್ಪತ್ತೆಂಟು ನಿಮಿಷದ ಅಂತರ. ಸೆರಿಕಾ ಎಂಬ ಮೂರನೆಯದು ಅದೇ ರಾತ್ರಿ ಹನ್ನೊಂದೂವರೆಗೆ ವೆಸ್ಟ್ ಇಂಡಿಯಾ ಡಾಕ್ ಸೇರಿತು.

"ಗೆದ್ದವರಿಗೆ ಏನು ಸಿಕ್ತು?"

ಗೆದ್ದ ಹಡಗಿಗೆ ಟನ್ನಿಗೆ ಹತ್ತು ಶಿಲಿಂಗ್ ಜಾಸ್ತಿ ಕೊಡುವ ಒಪ್ಪಂದ ಇತ್ತು. ವ್ಯಾಜ್ಯ ಬೇಡ ಅಂತ ಟೇಪಿಂಗ್, ಏರಿಯಲ್ ಮಾಲೀಕರು ಮೊದಲೇ ಮಾತಾಡಿಕೊಂಡು ಹಂಚಿಕೊಂಡರು. ತಮಾಷೆ ಏನೆಂದರೆ, ಮೂರು ಹಡಗಿನ ಚಹಾ ಒಟ್ಟಿಗೇ ಬಂದಿದ್ದರಿಂದ ಮಾರುಕಟ್ಟೆಯಲ್ಲಿ ಬೆಲೆಯೇ ಇಳಿಯಿತು. ಇನ್ನೂ ದೊಡ್ಡ ತಮಾಷೆ ಎರ್ಲ್ ಕಿಂಗ್. ಉಗಿಯಂತ್ರ ಇದ್ದ ಆ ಹಡಗು ಇವರ ನಂತರ ಫೂಚೌ ಬಿಟ್ಟು, ಇವರಿಗಿಂತ ಮೊದಲೇ 77 ದಿನದಲ್ಲಿ ಲಂಡನ್ ಮುಟ್ಟಿತ್ತು. ಅದನ್ನು ಯಾರೂ ನೆನಪಿಡಲಿಲ್ಲ.

ರಾತ್ರಿ ಊಟಕ್ಕೆ ಲಂಡನ್ನಿನ ಈಸ್ಟ್ ಹ್ಯಾಮ್ ಬಡಾವಣೆಗೆ ಹೋದೆವು. ಮಸಾಲೆ ದೋಸೆ, ಆಮೇಲೆ ಖಡಕ್ ಹಾಲಿನ ಚಹಾ. ಅಸ್ಸಾಮಿನ ಪುಡಿಯಿರಬೇಕು. ಕ್ಲಿಪ್ಪರ್‌ಗಳನ್ನು ಮುಗಿಸಿದ್ದರಲ್ಲಿ ಇದರದ್ದೂ ಪಾಲಿದೆ. 1880ರ ದಶಕ ಮುಗಿಯುವ ಹೊತ್ತಿಗೆ ಬ್ರಿಟನ್ನಿನಲ್ಲಿ ಭಾರತ, ಸಿಲೋನ್ ಚಹಾ ಚೀನಾದ್ದನ್ನು ಹಿಂದೆ ಹಾಕಿತ್ತು.

ಶುಕ್ರವಾರ, ಗ್ರೆನಿಚ್

ಕಟ್ಟಿ ಸಾರ್ಕ್ ಹೆಸರಿನ ಸ್ಟೇಷನ್ನೇ ಇದೆ, ಹಡಗಿನ ಪಕ್ಕಕ್ಕೇ ಹೋಗಿ ಇಳಿಯಬಹುದು. ನಾವು ಒಂದು ಸ್ಟೇಷನ್ ಮೊದಲೇ, ನದಿಯ ಈಚೆ ದಡದ ಐಲೆಂಡ್ ಗಾರ್ಡನ್ಸ್‌ನಲ್ಲಿ ಇಳಿದೆವು. ಅಲ್ಲಿಂದ ಥೇಮ್ಸ್ ನದಿಯ ಅಡಿಯಲ್ಲಿ ನಡೆದು ದಾಟುವ ಸುರಂಗವಿದೆ, 1902ರದ್ದು. ಬಿಳಿ ಟೈಲ್ಸು, ತಣ್ಣನೆ ಗಾಳಿ, ನಮ್ಮದೇ ಹೆಜ್ಜೆ ಸದ್ದು. ಆಚೆ ಮೇಲೆ ಬಂದು ತಿರುಗಿದರೆ ಎದುರಿಗೇ ಮೂರು ಕೂವೆಮರಗಳು. ಫೋಟೋದಲ್ಲಿ ಎಷ್ಟು ನೋಡಿದ್ದರೂ ಆ ಎತ್ತರಕ್ಕೆ ಕತ್ತು ಸಿದ್ಧವಾಗಿರುವುದಿಲ್ಲ. ನಡುವಿನದು 46 ಮೀಟರ್. ಹಗ್ಗಗಳ ಒಟ್ಟು ಉದ್ದ ಹನ್ನೊಂದು ಮೈಲಿ.

ಹಡಗಿನ ಸುತ್ತ ನೀರಿನ ಮಟ್ಟದಲ್ಲಿ ಗಾಜಿನ ಚಾವಣಿ ಕಟ್ಟಿದ್ದಾರೆ. 2012ರಲ್ಲಿ ಇದು ಮುಗಿದಾಗ ವಾಸ್ತುಶಿಲ್ಪದ ಒಂದು ಪತ್ರಿಕೆ ಆ ವರ್ಷದ ಅತಿ ಕೆಟ್ಟ ಕಟ್ಟಡ ಅಂತ ಬಹುಮಾನ ಕೊಟ್ಟಿತ್ತು. ಹೊರಗೆ ನಿಂತಾಗ ನನಗೂ ಹಾಗೇ ಅನ್ನಿಸಿತು. ಹಡಗಿನ ಅರ್ಧ ಮೈಯೇ ಕಾಣುವುದಿಲ್ಲ. ಆದರೆ ಒಳಗೆ, ಅದರ ಅಡಿಗೆ ಇಳಿದ ಮೇಲೆ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಇಡೀ ಹಡಗನ್ನು ಡಾಕಿನ ನೆಲದಿಂದ ಮೂರು ಮೀಟರಿಗೂ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಅದರ ಹೊಟ್ಟೆಯ ಕೆಳಗೆ ನಾವು ನಡೆಯಬಹುದು. ತಲೆಯ ಮೇಲೆ ಚಿನ್ನದ ಬಣ್ಣದ ತಗಡು ಹೊಳೆಯುತ್ತದೆ. ಮುಂದಿನಿಂದ ನೋಡಿದರೆ ಮೂತಿ ಈಳಿಗೆಮಣೆಯ ಅಲಗಿನ ಹಾಗೆ ಬಾಗಿ ಮೇಲೇಳುತ್ತದೆ. ನಿನ್ನೆ ಮೊನ್ನೆ ಬಾಯಲ್ಲಿ ಹೇಳಿದ್ದೆಲ್ಲ ಇಲ್ಲಿ ಕಣ್ಣಿಗೆ ಕಾಣುತ್ತದೆ. ಲಿಂಟನ್ ದಿವಾಳಿಯಾಗಿದ್ದು ಇದಕ್ಕೆ.

ಆ ತಗಡು ತಾಮ್ರ, ಸತು ಸೇರಿದ ಮಂಟ್ಜ್ ಲೋಹ. ಸಮುದ್ರದಲ್ಲಿ ಮರದ ಹಡಗಿಗೆ ಚಿಪ್ಪುಹುಳ, ಪಾಚಿ ಅಂಟಿದರೆ ವೇಗ ಸತ್ತುಹೋಗುತ್ತದೆ, ಮರ ಕೊರೆಯುವ ಹುಳದ ಕಾಟ ಬೇರೆ. ಈ ಲೋಹ ಹೊದಿಸಿದರೆ ಅದೆಲ್ಲ ತಪ್ಪುತ್ತದೆ. ಕಬ್ಬಿಣದ ಹಡಗಿಗೆ ಇದನ್ನು ನೇರವಾಗಿ ಹೊದಿಸುವ ಹಾಗಿಲ್ಲ. ಉಪ್ಪುನೀರಿನಲ್ಲಿ ಎರಡು ಲೋಹ ಸೇರಿದರೆ ಕಬ್ಬಿಣ ಕರಗುತ್ತದೆ. ಪೂರ್ತಿ ಮರದಲ್ಲೇ ಕಟ್ಟಿದರೆ ತೊಲೆಗಳು ದಪ್ಪವಾಗಿ ಸರಕಿಗೆ ಜಾಗ ಕಮ್ಮಿ. ಹಾಗಾಗಿ ಕಬ್ಬಿಣದ ಅಸ್ಥಿಪಂಜರ, ಹೊರಗೆ ತೇಗ ಮತ್ತು ರಾಕ್ ಎಲ್ಮ್ ಮರದ ಹಲಗೆ, ಅದರ ಮೇಲೆ ತಗಡು. ಈ ಮಿಶ್ರ ಕಟ್ಟಣೆ ಚಾಲ್ತಿಯಲ್ಲಿದ್ದದ್ದು ಸ್ವಲ್ಪವೇ ಕಾಲ. ಆ ಬಗೆಯ ಕ್ಲಿಪ್ಪರ್‌ಗಳಲ್ಲಿ ಇಂದಿಗೂ ಇಡಿಯಾಗಿ ನೋಡಲು ಸಿಗುವುದು ಇದು ಮತ್ತು ಆಸ್ಟ್ರೇಲಿಯದಲ್ಲಿರುವ 'ಸಿಟಿ ಆಫ್ ಅಡಿಲೇಡ್', ಎರಡೇ.

ಪಕ್ಕೆಯಲ್ಲಿ ಕೊರೆದ ಬಾಗಿಲಿನಿಂದ ಒಡಲೊಳಗೆ ಹೋಗಬೇಕು. ಹಳೆಯ ಕಬ್ಬಿಣಕ್ಕೆ ಬಿಳಿ ಬಣ್ಣ, ಹೊಸದಾಗಿ ಸೇರಿಸಿದ ಉಕ್ಕಿಗೆ ಬೂದು ಬಣ್ಣ ಬಳಿದಿದ್ದಾರೆ. ಯಾವುದು ನಿಜವಾಗಿ 1869ರದ್ದು ಅಂತ ಮಕ್ಕಳೂ ಗುರುತಿಸಬಹುದು. ಮ್ಯೂಸಿಯಂನ ಈ ಪ್ರಾಮಾಣಿಕತೆ ನನಗೆ ತುಂಬಾ ಹಿಡಿಸಿತು.

ಮೊದಲ ಪ್ರಯಾಣ 1870ರ ಫೆಬ್ರುವರಿಯಲ್ಲಿ. ಕಪ್ತಾನ ಜಾರ್ಜ್ ಮೂಡಿ. ಹೋಗುವಾಗ ವೈನು, ಬಿಯರು, ಕಾರ್ಖಾನೆ ಸಾಮಾನು. ಶಾಂಘೈನಿಂದ ಬರುವಾಗ 13 ಲಕ್ಷ ಪೌಂಡ್ ತೂಕದ ಚಹಾ, ಅಂದರೆ ಸುಮಾರು 590 ಟನ್. ಒಡಲಿನ ತಳಕ್ಕೆ ಬೆಣಚುಕಲ್ಲು ಹರಡಿ, ಅದರ ಮೇಲೆ ಪೆಟ್ಟಿಗೆ ಜೋಡಿಸುತ್ತಿದ್ದರು. ಜೋಡಿಸುವವರು ಚೀನಾದ ಕೂಲಿಗಳು. ಮರದ ಸುತ್ತಿಗೆಯಿಂದ ಬಡಿದು ಬಡಿದು, ಹಡಗಿನ ಬಾಗಿದ ಪಕ್ಕೆಗೂ ಪೆಟ್ಟಿಗೆಗೂ ನಡುವೆ ಕೈ ತೂರದ ಹಾಗೆ ಕೂರಿಸುತ್ತಿದ್ದರಂತೆ. ಅಲುಗಾಡಿದರೆ ಬಿರುಗಾಳಿಯಲ್ಲಿ ಹಡಗೇ ಮಗುಚಬಹುದು. ಹಾಗೆ ಜೋಡಿಸಿದವರ ಒಂದು ಹೆಸರೂ ಇಲ್ಲಿ ಇಲ್ಲ. ಕಪ್ತಾನರ ಫೋಟೋ ಮಾತ್ರ ಸಾಲಾಗಿದೆ.

ಇಷ್ಟಾಗಿ ಈ ಹಡಗು ಚಹಾ ತಂದದ್ದು ಎಂಟೇ ಸಲ. ಕೊನೆಯದು 1877ರಲ್ಲಿ. ಚಹಾ ಓಟದಲ್ಲಿ ಗೆದ್ದದ್ದು ಒಂದೂ ಇಲ್ಲ. ಸೂಯೆಜ್ ಕಾಲುವೆಯಲ್ಲಿ ಉಗಿಹಡಗು ತನ್ನಷ್ಟಕ್ಕೆ ಹೋಗುತ್ತಿತ್ತು, ಸಾವಿರಾರು ಮೈಲಿ ಉಳಿಯಿತು. ಹಾಯಿಹಡಗನ್ನು ಅಲ್ಲಿ ಎಳೆದೊಯ್ಯಬೇಕು, ಆಮೇಲೆ ಕೆಂಪು ಸಮುದ್ರದ ಗಾಳಿಯೂ ಅನುಕೂಲ ಇಲ್ಲ. ಅದು ಆಫ್ರಿಕ ಸುತ್ತಿಯೇ ಬರಬೇಕು. ವಿಲ್ಲಿಸ್ ಅಷ್ಟೆಲ್ಲ ಚೌಕಾಸಿ ಮಾಡಿ ಕಟ್ಟಿಸಿದ ಹಡಗಿಗೆ ಏಳೆಂಟು ವರ್ಷದಲ್ಲೇ ಚಹಾ ಬಾಡಿಗೆ ಸಿಗದ ಹಾಗಾಯಿತು.

ಮೇಲಿನ ಡೆಕ್ಕಿನಲ್ಲಿ ಬಡಗಿಯ ಕೊಠಡಿ ಇದೆ. ಅಲ್ಲಿ ನಾನು ತುಂಬಾ ಹೊತ್ತು ನಿಂತೆ. 1872ರಲ್ಲಿ ಕಟ್ಟಿ ಸಾರ್ಕ್ ಮತ್ತು ಅದರ ಕಡುವೈರಿ ಥರ್ಮೋಪಿಲೆ ಶಾಂಘೈನಿಂದ ಒಟ್ಟಿಗೇ ಹೊರಟವು. ಹಿಂದೂ ಮಹಾಸಾಗರದಲ್ಲಿ ಕಟ್ಟಿ ಸಾರ್ಕ್ ನಾನೂರು ಮೈಲಿ ಮುಂದಿತ್ತು. ಆಗಸ್ಟ್ 15ರಂದು, ಆಫ್ರಿಕದ ತುದಿಯ ಹತ್ತಿರ, ಬಿರುಗಾಳಿಗೆ ಚುಕ್ಕಾಣಿಯೇ ಕಿತ್ತುಹೋಯಿತು. ಮಾಲೀಕನ ತಮ್ಮ ರಾಬರ್ಟ್ ವಿಲ್ಲಿಸ್ ಹಡಗಿನಲ್ಲೇ ಇದ್ದ. ಹತ್ತಿರದ ಬಂದರಿಗೆ ಹೋಗು ಅಂತ ಅವನ ಹಟ. ಹೋಗಲ್ಲ ಅಂದ ಮೂಡಿ. ಅಲೆಗೆ ಹೊಯ್ದಾಡುವ ಡೆಕ್ಕಿನ ಮೇಲೇ ಕುಲುಮೆ ಹಾಕಿ, ಇದ್ದಬದ್ದ ಮರ, ಕಬ್ಬಿಣದಲ್ಲಿ ಹೊಸ ಚುಕ್ಕಾಣಿ ಮಾಡಿದರು. ಮುಖ್ಯ ಕೈ ಬಡಗಿ ಹೆನ್ರಿ ಹೆಂಡರ್‌ಸನ್‌ದು. ತಿದಿ ಒತ್ತಿದ್ದು ಕಪ್ತಾನನ ಸ್ವಂತ ಮಗ. ಒಂದು ಸಲ ಕೆಂಡದ ಕುಲುಮೆ ಅವನ ಮೇಲೇ ಉರುಳಿತಂತೆ. ಹೊಸ ಚುಕ್ಕಾಣಿ ಕಟ್ಟಿಕೊಂಡು ಲಂಡನ್ ಸೇರಿದಾಗ ಅಕ್ಟೋಬರ್ 18. ಥರ್ಮೋಪಿಲೆ ಒಂದು ವಾರ ಮೊದಲೇ ಬಂದಿತ್ತು. ಸೋತವರನ್ನೇ ಜನ ಹೊಗಳಿದರು. ಜಗಳದಿಂದ ಬೇಸತ್ತ ಮೂಡಿ ಮಾತ್ರ ಕೆಲಸ ಬಿಟ್ಟು ನಡೆದ.

"ಬಾಸ್‌ನ ತಮ್ಮನ್ನ ಜೊತೆಗೆ ಕರ್ಕೊಂಡು ಹೋದರೆ ಹೀಗೇ ಆಗೋದು," ಅಂದ ನನ್ನ ತಮ್ಮ.

ಎಲ್ಲ ಕಥೆಯೂ ಇಷ್ಟು ಚೆಂದ ಅಲ್ಲ. 1880ರ ಪ್ರಯಾಣದಲ್ಲಿ ಕಪ್ತಾನನ ಕೈಕೆಳಗಿನ ಅಧಿಕಾರಿ (ಮೇಟ್) ಸಿಡ್ನಿ ಸ್ಮಿತ್, ಜಾನ್ ಫ್ರಾನ್ಸಿಸ್ ಎಂಬ ಕರಿಯ ಖಲಾಸಿಯ ತಲೆಗೆ ಹೊಡೆದ, ಅವನು ಸತ್ತ. ಜಾವಾದ ಆಂಜೆರ್‌ನಲ್ಲಿ ಕಪ್ತಾನ ವ್ಯಾಲೇಸ್ ಕೊಲೆಗಾರನನ್ನು ತಪ್ಪಿಸಿಕೊಳ್ಳಲು ಬಿಟ್ಟ. ಖಲಾಸಿಗಳು ಕೆಲಸ ಮಾಡಲ್ಲ ಅಂತ ಕೂತರು. ಮುಂದೆ ಗಾಳಿಯೇ ಬೀಸದೆ ಹಡಗು ನಿಂತುಬಿಟ್ಟಿತು. ಒಂದು ಬೆಳಗಿನ ಜಾವ ವ್ಯಾಲೇಸ್ ಸಮುದ್ರಕ್ಕೆ ಹಾರಿದ. ಸ್ಮಿತ್ ಆಮೇಲೆ ಲಂಡನ್ನಿನಲ್ಲಿ ಸಿಕ್ಕಿ ಏಳು ವರ್ಷ ಜೈಲು ಕಂಡ. ಇದನ್ನು ಓದಿದ ಮೇಲೆ ಖಲಾಸಿಗಳು ಮಲಗುತ್ತಿದ್ದ ಇಕ್ಕಟ್ಟಿನ ಗೂಡುಗಳು ಬೇರೆಯಾಗಿಯೇ ಕಾಣುತ್ತವೆ.

ಆ ವರ್ಷಗಳಲ್ಲಿ ಹಡಗು ಸಿಕ್ಕಿದ್ದನ್ನು ಹೊತ್ತಿತು. ಕಲ್ಲಿದ್ದಲು, ಸೆಣಬು, ಹರಳೆಣ್ಣೆ. 1881ರಲ್ಲಿ ಕಲ್ಕತ್ತದಿಂದ ಮೆಲ್ಬರ್ನ್‌ಗೆ ನಮ್ಮ ದೇಶದ ಚಹಾ. ಆಮೇಲೆ ಕಾಕಿನಾಡ ಕಡೆಯ ಕರಾವಳಿಯಿಂದ ತಾಳೆಬೆಲ್ಲ, ಅಳಲೆಕಾಯಿ, ಜಿಂಕೆಕೊಂಬು. ಅಳಲೆಕಾಯಿ ಚರ್ಮ ಹದ ಮಾಡಲು ಬೇಕಿತ್ತು. ಚಹಾ ರಾಣಿ ಅಂತ ಮೆರೆಯಬೇಕಿದ್ದ ಹಡಗು ಬೆಲ್ಲ ಹೊತ್ತದ್ದು ನನಗಂತೂ ಅವಮಾನ ಅನ್ನಿಸಲಿಲ್ಲ.

ನಿಜವಾದ ಹೆಸರು ಬಂದದ್ದು ಉಣ್ಣೆಯಲ್ಲಿ. 1883ರಿಂದ ಆಸ್ಟ್ರೇಲಿಯದ ಉಣ್ಣೆ ಲಂಡನ್ನಿಗೆ. ದಕ್ಷಿಣ ಸಾಗರದ ಜೋರು ಗಾಳಿಗೆ ಈ ಹಡಗು ಹೇಳಿ ಮಾಡಿಸಿದಂತಿತ್ತು. 1885ರಲ್ಲಿ ಕಪ್ತಾನನಾಗಿ ಬಂದ ರಿಚರ್ಡ್ ವುಡ್ಜೆಟ್ ಸಿಡ್ನಿಯಿಂದ 73 ದಿನದಲ್ಲಿ ಮುಟ್ಟಿಸಿದ. ಥರ್ಮೋಪಿಲೆಯನ್ನೂ ಹಿಂದೆ ಹಾಕಿದ. ವಿಚಿತ್ರ ಮನುಷ್ಯ. ಕಾಲಿ ಜಾತಿಯ ನಾಯಿ ಸಾಕಿದ್ದ, ಫೋಟೋ ತೆಗೆಯುತ್ತಿದ್ದ, ಖಾಲಿ ಡೆಕ್ಕಿನಲ್ಲಿ ಸೈಕಲ್ ಹೊಡೆಯುತ್ತಿದ್ದ. 1889ರ ಜುಲೈ 25ರ ರಾತ್ರಿ ಪಿ ಅಂಡ್ ಒ ಕಂಪನಿಯ ಹೊಸ ಉಗಿಹಡಗು ಬ್ರಿಟಾನಿಯಾವನ್ನು ಹಾಯಿಹಡಗೊಂದು ಹಿಂದಿನಿಂದ ಬಂದು ದಾಟಿ ಮುಂದೆ ಹೋಯಿತು. ಅದು ಕಟ್ಟಿ ಸಾರ್ಕ್. ಅಂದು ಅದರ ವೇಗ ಹದಿನೇಳು ನಾಟ್, ಈಗಿನ ಲೆಕ್ಕದಲ್ಲಿ ಗಂಟೆಗೆ ಮೂವತ್ತೊಂದು ಕಿಲೋಮೀಟರ್. ಇಪ್ಪತ್ತು ವರ್ಷ ಹಳೆಯ ಹಡಗು!

ಮಧ್ಯಾಹ್ನ ಒಂದು ಗಂಟೆ ಆಗುವ ಮುಂಚೆ ಗುಡ್ಡ ಹತ್ತಿ ಖಗೋಳ ವೀಕ್ಷಣಾಲಯಕ್ಕೆ ಹೋಗಿದ್ದೆವು. ಅಲ್ಲಿ ಗೋಪುರದ ಮೇಲೆ ಒಂದು ಕೆಂಪು ಚೆಂಡಿದೆ. 1833ರಿಂದ ದಿನಾ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಬೀಳುತ್ತದೆ. ನದಿಯಲ್ಲಿದ್ದ ಕಪ್ತಾನರು ಅದನ್ನು ನೋಡಿ ತಮ್ಮ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಗಡಿಯಾರ ತಪ್ಪಿದರೆ ಸಮುದ್ರದಲ್ಲಿ ರೇಖಾಂಶ ತಪ್ಪುತ್ತದೆ. ಚೆಂಡು ಬಿದ್ದಾಗ ಪ್ರವಾಸಿಗರೆಲ್ಲ ಚಪ್ಪಾಳೆ ಹೊಡೆದರು.

ಸಂಜೆ ಮತ್ತೆ ಹಡಗಿನ ಅಡಿಗೆ. ಅಲ್ಲಿ ಹಳೇ ಹಡಗುಗಳ ಮೂತಿಗೆ ಕೂರಿಸುತ್ತಿದ್ದ ಮರದ ಬೊಂಬೆಗಳ ದೊಡ್ಡ ಗುಂಪೇ ಇದೆ. ಮಂಗಳವಾರದ ನ್ಯಾನಿ ಕೂಡ ಇದ್ದಾಳೆ. ಹೊರಗೆ ಹಡಗಿನ ಮೇಲಿರುವವಳು 2021ರಲ್ಲಿ ಬಂದ ಹೊಸಬಳು, ಕೈಯಲ್ಲಿ ಕುದುರೆ ಬಾಲ.

2007ರ ಮೇ 21ರಂದು, ದುರಸ್ತಿಯ ನಡುವೆ, ಈ ಹಡಗಿಗೆ ಬೆಂಕಿ ಬಿತ್ತು. ಆರಿಸದೇ ಬಿಟ್ಟ ಒಂದು ವ್ಯಾಕ್ಯೂಮ್ ಯಂತ್ರ ಕಾರಣ. ಕೂವೆಮರಗಳನ್ನೂ ಸುಮಾರು ಅರ್ಧ ಹಲಗೆಗಳನ್ನೂ ದುರಸ್ತಿಗೆ ಅಂತ ಬೇರೆ ಕಡೆ ಸಾಗಿಸಿದ್ದರಿಂದ ಉಳಿಯಿತು. ತಡವಾಗುವ ಸರ್ಕಾರಿ ಕೆಲಸಗಳಿಗೆ ಬೈಯುವ ನಾನು ಇಲ್ಲಿ ಸುಮ್ನಿದ್ದೆ.

ಶನಿವಾರ, ಫಾಲ್ಮತ್

ತಮ್ಮ ಬೆಳಿಗ್ಗೆಯೇ ಗ್ಲಾಸ್ಗೋ ರೈಲು ಹತ್ತಿದ. ನಾನು ಪ್ಯಾಡಿಂಗ್ಟನ್‌ನಿಂದ ಟ್ರೂರೋಗೆ, ಅಲ್ಲಿಂದ ಪುಟ್ಟ ರೈಲಿನಲ್ಲಿ ಫಾಲ್ಮತ್‌ಗೆ. ಇಂಗ್ಲೆಂಡಿನ ನೈಋತ್ಯ ಮೂಲೆ. ಬಂದರು ಆಳವಾಗಿದೆ, ಸುತ್ತ ಗುಡ್ಡ. ದಂಡೆಯಲ್ಲಿ ಒಂದು ಆಲೂಗಡ್ಡೆ ಪಾಸ್ಟಿ (ಕಡುಬಿನಂಥ ತಿಂಡಿ) ಕೊಂಡು ತಿಂದೆ. ಸೀಗಲ್ ಹಕ್ಕಿಗಳಿಂದ ಕಾಪಾಡಿಕೊಂಡು ತಿನ್ನಬೇಕು.

1895ರಲ್ಲಿ ವಿಲ್ಲಿಸ್ ಕಟ್ಟಿ ಸಾರ್ಕ್ ಅನ್ನು ಪೋರ್ಚುಗಲ್‌ನ ಫೆರೇರಾ ಕಂಪನಿಗೆ 1,250 ಪೌಂಡ್‌ಗೆ ಮಾರಿದ. ಅಲ್ಲಿಂದ ಅದರ ಹೆಸರು ಫೆರೇರಾ. ಖಲಾಸಿಗಳು ಮಾತ್ರ ತಮ್ಮ ಭಾಷೆಯಲ್ಲಿ 'ಪುಟ್ಟ ಅಂಗಿ' ಅಂತಲೇ ಕರೆಯುತ್ತಿದ್ದರು. 1916ರಲ್ಲಿ ಬಿರುಗಾಳಿಗೆ ಕೂವೆ ಮುರಿದು, ಕೇಪ್‌ಟೌನ್‌ನಲ್ಲಿ ಚಿಕ್ಕ ಹಾಯಿಗಳನ್ನು ಕಟ್ಟಿಕೊಂಡಿತು. 1922ರಲ್ಲಿ ಅದು ಫಾಲ್ಮತ್‌ನಲ್ಲಿ ಲಂಗರು ಹಾಕಿತು. ಅಷ್ಟು ಹೊತ್ತಿಗೆ ಜೊತೆಯವೆಲ್ಲ ಮುಗಿದಿದ್ದವು. ಟೇಪಿಂಗ್ 1871ರಲ್ಲಿ ಬಂಡೆಗೆ ಬಡಿಯಿತು. ಸೆರಿಕಾ 1872ರಲ್ಲಿ ಒಡೆಯಿತು. ಅದೇ ವರ್ಷ ಏರಿಯಲ್ ಸಿಡ್ನಿಗೆ ಹೊರಟದ್ದು ಮತ್ತೆ ಕಾಣಲೇ ಇಲ್ಲ. ಪೋರ್ಚುಗಲ್ ನೌಕಾಪಡೆಗೆ ಸೇರಿದ್ದ ಥರ್ಮೋಪಿಲೆಯನ್ನು 1907ರಲ್ಲಿ ಲಿಸ್ಬನ್ ಬಳಿ ಅವರೇ ಮುಳುಗಿಸಿದರು.

ಫಾಲ್ಮತ್‌ನಲ್ಲಿ ಆಗ ವಿಲ್ಫ್ರೆಡ್ ಡೌಮನ್ ಎಂಬ ನಿವೃತ್ತ ಕಪ್ತಾನ ಇದ್ದ. ಕೆಲಸ ಕಲಿಯುವ ಹುಡುಗನಾಗಿದ್ದಾಗ ತನ್ನ ಹಡಗನ್ನು ಕಟ್ಟಿ ಸಾರ್ಕ್ ದಾಟಿ ಹೋದದ್ದನ್ನು ಕಣ್ಣಾರೆ ಕಂಡಿದ್ದವನು. ಬಂದರಿನಲ್ಲಿ ಬಣ್ಣಗೆಟ್ಟು ನಿಂತಿದ್ದರೂ ಗುರುತು ಹಿಡಿದ. ಪೋರ್ಚುಗೀಸರು ವಿಲ್ಲಿಸ್‌ಗೆ ಕೊಟ್ಟದ್ದರ ಮೂರು ಪಟ್ಟು, 3,750 ಪೌಂಡ್ ಕೊಟ್ಟು ಕೊಂಡ. ಮತ್ತೆ ಮೂರು ಕೂವೆ ನಿಲ್ಲಿಸಿದ. ಹುಡುಗರಿಗೆ ನಾವಿಕ ತರಬೇತಿ ಕೊಟ್ಟ. ಜನರಿಗೆ ನೋಡಲು ಬಿಟ್ಟ. ಈ ಹಡಗಿಗೆ ದುಡ್ಡು ಹಾಕಿದವರಲ್ಲಿ ವಾಪಸ್ ಬರಲ್ಲ ಅಂತ ಗೊತ್ತಿದ್ದೇ ಹಾಕಿದ ಮೊದಲಿಗ ಇವನೇ ಅಂತ ನನಗೆ ಅನ್ನಿಸುತ್ತದೆ. ಹೆಂಡತಿ ಕ್ಯಾಥರಿನ್ ಕೂಡ ಜೊತೆಗಿದ್ದಳು, ಅವಳದು ಅನುಕೂಲಸ್ಥರ ಮನೆ.

ಹಡಗು ನಿಂತಿದ್ದ ಕಡೆ ಈಗ ಖಾಸಗಿ ದೋಣಿಗಳು. ಪಕ್ಕದಲ್ಲೇ ಕಡಲ ಮ್ಯೂಸಿಯಂ ಇದೆ, ಅದರ ಗೋಪುರ ಹತ್ತಿದರೆ ಬಂದರೆಲ್ಲ ಕಾಣುತ್ತದೆ. ಮೇಲೆ ನಿಂತಿದ್ದಾಗ ತಮ್ಮನ ಫೋನು. ಕಾರ್ಲೈಲ್ ದಾಟಿದ್ದಾನಂತೆ.

"ಆಮೇಲೆ ಅದು ಲಂಡನ್ನಿಗೆ ಹೇಗೆ ಬಂತು ಅಕ್ಕಾ?"

ಡೌಮನ್ 1936ರಲ್ಲಿ ತೀರಿಕೊಂಡ. ಒಬ್ಬಳೇ ನೋಡಿಕೊಳ್ಳುವುದು ಕ್ಯಾಥರಿನ್‌ಗೆ ಆಗದ ಮಾತು. 1938ರಲ್ಲಿ ಥೇಮ್ಸ್ ದಂಡೆಯ ಗ್ರೀನ್‌ಹೈತ್‌ನಲ್ಲಿದ್ದ ನಾವಿಕ ಶಾಲೆಗೆ ಕೊಟ್ಟುಬಿಟ್ಟಳು. ಅಲ್ಲಿಂದ 1954ರಲ್ಲಿ ಗ್ರೆನಿಚ್‌ನ ಡ್ರೈ ಡಾಕಿಗೆ, ಅಂದರೆ ನೀರಿಲ್ಲದ ಡಾಕಿಗೆ, ಬಂತು, 1957ರಲ್ಲಿ ರಾಣಿ ಎಲಿಜಬೆತ್ ಬಂದು ತೆರೆದರು.

"ಎಷ್ಟಕ್ಕೆ ಮಾರಿದಳು?"

ಮಾರಲಿಲ್ಲ ಕಣೋ ಅಂದೆ. ಹಡಗನ್ನೂ ಕೊಟ್ಟು, ಅದನ್ನು ನೋಡಿಕೊಳ್ಳಲಿ ಅಂತ 5,000 ಪೌಂಡನ್ನೂ ಜೊತೆಗಿಟ್ಟು ಕಳಿಸಿದಳು.